ಅಮ್ಮನ ಹೆಸರಿಗೊಂದು ನಂಬರು

ಬಿಸಿ ಅಂಟಕ್ಕಿ ಅನ್ನವನ್ನು ಅಮ್ಮ ಮೂರು ಬೆರಳಲ್ಲಿ ಕಿತ್ತು ಬಿದಿರಿನ ಬಳೆಯೊಳಗಿಟ್ಟು ಒತ್ತುತ್ತಿದ್ದಳು. ಮೊರದ ಈಚೆ ತುದಿಯಿಂದ ನಾನು ಒತ್ತುತ್ತ ಬರುತ್ತಿದ್ದೆ. ಅನ್ನ ಆರಿದರೆ ಅಗುಳು ಅಗುಳನ್ನು ಹಿಡಿಯುವುದಿಲ್ಲ. ಅದಕ್ಕೇ ಆ ಹೊತ್ತಿನಲ್ಲಿ ನಾವಿಬ್ಬರೂ ಮಾತಾಡುವುದಿಲ್ಲ. ಬೆರಳು ಸುಟ್ಟರೆ ಕಿವಿಯ ತುದಿ ಮುಟ್ಟಿಕೊಂಡು ಮುಂದುವರಿಯುವುದು. ಎಂಟು ಮೊರ ತುಂಬಿದವು. ಒಂದೊಂದನ್ನೇ ಹೊತ್ತು ಹಿತ್ತಿಲ ಬಿಸಿಲಿಗೆ ಇಟ್ಟು ಬಂದೆ.

ಆಗಲೇ ಅಪ್ಪ ಬೈಕಿನ ಹಿಂದೆ ಖಾಲಿ ಡಬ್ಬಗಳನ್ನು ಕಟ್ಟಿಕೊಂಡು ಬಂದದ್ದು.

"ಸುಲಿಸ್ ಅಮ್ಮಾ, ಮೇಲಿಂಗ್ ಅಕ್ಕ ನಂಬರ್ ಕೇಳಿದ್ಲು." ಸುಲಿಸ್ ನಾನು; ಅಪ್ಪ ಅಮ್ಮನನ್ನು ಕರೆಯುವುದೇ ಹಾಗೆ.

"ನನ್ನ ನಂಬರ್ ಅವಳ ಹತ್ರ ಇದೆಯಲ್ಲ?"

"ಫೋನಿಂದಲ್ಲ ಮಾರಾಯ್ತಿ, ತೆರಿಗೆ ನಂಬರ್. ಬರೋ ತಿಂಗಳಿಂದ ಅದಿಲ್ದೋರ ಮಾಲು ಅಂಗಡಿಯಲ್ಲಿ ಇಡಲ್ವಂತೆ."

ಮೇಲಿಂಗ್ ಅಕ್ಕನದು ರೈಲು ನಿಲ್ದಾಣದ ಎದುರಿನ ತಿಂಡಿ ಅಂಗಡಿ. ಊರಿಗೆ ಹೋಗುವವರು ರೈಲು ಹತ್ತುವ ಮೊದಲು ಅಲ್ಲಿಂದ ರೆಂಗಿನಾಂಗ್ ಕೊಂಡೊಯ್ಯುತ್ತಾರೆ. ಅಂಟಕ್ಕಿಯ ಸಂಡಿಗೆ ಅದು. ಬೆಳ್ಳುಳ್ಳಿ, ಉಪ್ಪು, ಒಣಸಿಗಡಿಯ ಮುದ್ದೆ ಬೆರೆಸಿ ಒಣಗಿಸಿ ಕರಿದರೆ ಅಂಗೈಯಗಲ ಅರಳುತ್ತದೆ. ಆರು ವರ್ಷದ ಹಿಂದೆ ಸಕ್ಕರೆ ಕಾರ್ಖಾನೆ ಮುಚ್ಚಿ ಅಪ್ಪನ ತೂಕದ ಗುಮಾಸ್ತೆ ಕೆಲಸ ಹೋಯಿತು. ಅಂದಿನಿಂದ ಅಮ್ಮನ ರೆಂಗಿನಾಂಗ್ ನಮ್ಮ ನಾಲ್ವರ ಹೊಟ್ಟೆ ತುಂಬಿಸುತ್ತಿತ್ತು. ಡಬ್ಬದ ಮೇಲೆ 'ಬು ವಾರ್ಸೊನೊ ರೆಂಗಿನಾಂಗ್' ಎಂದು ಅಚ್ಚಾಗಿರುತ್ತಿತ್ತು. ವಾರ್ಸೊನೊ ನನ್ನ ಅಪ್ಪ. ಗಂಡಸನ್ನು ಅವನದೇ ಹೆಸರಿನ ಮುಂದೆ 'ಪಾಕ್' ಸೇರಿಸಿ, ಮದುವೆಯಾದವಳನ್ನು ಗಂಡನ ಹೆಸರಿನ ಮುಂದೆ 'ಬು' ಸೇರಿಸಿ ಕರೆಯುವುದು ನಮ್ಮ ರೂಢಿ. ಅಮ್ಮನ ಹೆಸರು ಸುತರ್ಮಿ ಎಂದು ಬಲ್ಲವರು ಓಣಿಯಲ್ಲಿ ನಾಲ್ಕು ಜನ ಇದ್ದರೆ ಹೆಚ್ಚು.

ಮಧ್ಯಾಹ್ನ ಊಟಕ್ಕೆ ಕೂತಾಗ ಅದೇ ಮಾತು.

"ಬೇಡವೇ ಬೇಡ," ಎಂದಳು ಅಜ್ಜಿ. ಅಜ್ಜಿ ಅಪ್ಪನ ತಾಯಿ. "ಸರ್ಕಾರದೋರು ಹೆಸರು ಬರ್ಕೊಳ್ತಾರೆ, ಅಳಿಸೋದು ಅವರಿಗೆ ಗೊತ್ತಿಲ್ಲ. ಒಂದು ಸಲ ನಮ್ಮಪ್ಪನ ಮನೆಗೆ ಕೋಳಿ ಲೆಕ್ಕಕ್ಕೆ ಬಂದಿದ್ರು. ಬರ್ಕೊಂಡು ಹೋದ್ರು. ಮುಂದಿನ ವರ್ಷ ಬಂದು, ಇನ್ನೆರಡು ಕೋಳಿ ಎಲ್ಲಿ ಅಂದ್ರು. ತಿಂದ್ವಿ ಅಂದ್ರೆ ನಂಬಬೇಕಲ್ಲ!"

"ಇದು ಕೋಳಿಯಲ್ಲ ಅವ್ವ," ಎಂದ ಅಪ್ಪ.

"ಅಕ್ಕಿಯೂ ಕೋಳಿ ಹೊಟ್ಟೆಗೇ ಹೋಗೋದು."

"ಇಷ್ಟು ಸಣ್ಣ ವ್ಯಾಪಾರಕ್ಕೆ ನಂಬರ್ ಬೇಕಾ ಅಂತ," ಅಮ್ಮ ಹುಣಸೆ ಸಾರು ಬಡಿಸುತ್ತ ಹೇಳಿದಳು. "ಕೇಳ್ಕೊಂಡು ಬರ್ತೀನಿ. ಸುಲಿಸ್ ಬರ್ಲಿ ನನ್ನ ಜೊತೆ. ಅವಳು ಓದ್ತಾಳೆ."

ಎಂಟನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಅಮ್ಮನೊಬ್ಬಳ ಕೈಯಲ್ಲಿ ಎಂಟು ಮೊರ ಆಗುತ್ತಿರಲಿಲ್ಲ. ಆದರೂ ಮನೆಗೆ ಬರುವ ಕಾಗದಗಳನ್ನೆಲ್ಲ ಓದುವವಳು ನಾನೇ. ಎದುರು ಕೂತವರ ಜೊತೆ ಮಾತಾಡುವುದಕ್ಕಿಂತ ನನಗದು ಸಲೀಸು.

ತೆರಿಗೆ ಕಚೇರಿಯಲ್ಲಿ ನನ್ನದೇ ವಯಸ್ಸಿನ ಒಬ್ಬಳು ಕಿಟಕಿಯ ಹಿಂದೆ ಕೂತಿದ್ದಳು. ಅಮ್ಮನ ವ್ಯಾಪಾರವೇನು, ವರ್ಷಕ್ಕೆ ಎಷ್ಟಾಗುತ್ತದೆ ಎಂದು ಕೇಳಿ ನಕ್ಕಳು. ಒಳ್ಳೆಯ ನಗು ಅದು.

"ಐವತ್ತು ಕೋಟಿ ರುಪಿಯಾ ದಾಟೋವರೆಗೆ ನೀವು ತೆರಿಗೆ ಕಟ್ಟಬೇಕಾಗಿಲ್ಲ, ಬು."

"ಐವತ್ತು ಕೋಟಿಯಾ! ಅಷ್ಟು ಅಕ್ಕಿ ನೆನೆಹಾಕೋಕೆ ಸಮುದ್ರವೇ ಬೇಕಲ್ಲಮ್ಮ. ಹಾಗಾದ್ರೆ ನಂಬರ್ ಬೇಡ?"

"ಕಟ್ಟೋದು ಬೇರೆ, ಬರೆಸೋದು ಬೇರೆ. ವ್ಯಾಪಾರ ಮಾಡೋರು ಹೆಸರು ಬರೆಸ್ಬೇಕು, ವರ್ಷಕ್ಕೊಂದು ಸಲ ಲೆಕ್ಕ ಕೊಡ್ಬೇಕು. ನಿಮ್ಮೆಜಮಾನ್ರಿಗೆ ನಂಬರ್ ಇದೆಯಾ?"

"ಕಾರ್ಖಾನೆಯಲ್ಲಿದ್ದಾಗ ಮಾಡಿಸಿದ್ದು ಇದೆ."

"ಹಾಗಾದ್ರೆ ನಿಮಗೆ ಬೇರೆ ಬೇಕಾಗಿಲ್ಲ. ಅವರ ನಂಬರೇ ನಿಮ್ಮದು. ಮನೆಗೊಂದು ಸಾಕು."

ಅಮ್ಮ ಕಿಟಕಿಯ ಗಾಜಿಗೆ ಇನ್ನಷ್ಟು ಹತ್ತಿರ ಬಾಗಿದಳು. "ರೆಂಗಿನಾಂಗ್ ಮಾಡೋದು ನಾನು."

"ಗೊತ್ತಾಯ್ತು ಬು. ಸಂಸಾರ ಒಂದೇ ಅಲ್ವಾ?"

"ನನಗೇ ಬೇರೆ ಬೇಕು ಅಂದ್ರೆ?"

"ಅಂದ್ರೆ ಕೊಡ್ತೀವಿ. ನನ್ನ ಲೆಕ್ಕ ಗಂಡನಿಂದ ಬೇರೆ ಅಂತ ಒಂದು ಕಾಗದ ಬರೆದು ಸಹಿ ಹಾಕ್ಬೇಕು. ಆಮೇಲೆ ಇಬ್ಬರೂ ಪ್ರತಿ ವರ್ಷ ಲೆಕ್ಕ ಕೊಡ್ಬೇಕು. ಕೆಲಸ ಜಾಸ್ತಿ. ಯಾಕೆ ಬು ತಲೆನೋವು?"

ಅಮ್ಮ ಯೋಚಿಸುತ್ತ ನಿಂತಿದ್ದಳು. ಕಿಟಕಿಯ ಪಕ್ಕ ಅಂಟಿಸಿದ್ದ ಪಟ್ಟಿಯನ್ನು ನಾನು ಎರಡು ಸಲ ಓದಿದೆ. ದಾರಿಯಲ್ಲಿ ಅಮ್ಮ ಇಷ್ಟೇ ಹೇಳಿದಳು: "ಒಂದು ವಾರ ಯೋಚನೆ ಮಾಡೋಣ."

ಅಪ್ಪನಿಗೆ ಒಂದು ವಾರ ಬೇಕಾಗಲಿಲ್ಲ. ಶನಿವಾರ ಡಬ್ಬ ಕೊಡಲು ಹೋದವನು ತನ್ನ ಹಳೇ ಕಾರ್ಡನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿದ್ದ. ಬರುವಾಗ ಸೋಯಾ ಹಾಲಿನ ಕರಿದ ತೋಫು ಕಟ್ಟಿಸಿಕೊಂಡು ಬಂದ.

"ಮುಗೀತು ನೋಡು. ನಿನ್ನ ತಲೆನೋವು ಇಳಿಸ್ದೆ. ನನ್ನ ನಂಬರ್ ಕೊಟ್ಟು ಬಂದೆ."

ಅಮ್ಮ ತೋಫು ಮುಟ್ಟಲಿಲ್ಲ. "ದುಡ್ಡೆಲ್ಲಿ?"

"ಇನ್ಮೇಲೆ ಕೈಗೆ ಕೊಡಲ್ವಂತೆ. ಯಾರ ನಂಬರೋ ಅವರ ಖಾತೆಗೇ ಹಾಕ್ತಾರೆ. ಎಲ್ಲ ಚೊಕ್ಕ. ರಸೀದಿ ಕೊಟ್ಟಿದ್ದಾಳೆ."

"ಕೇಳಿ ಮಾಡಬಹುದಿತ್ತು."

"ಮನೆ ಯಜಮಾನ ನಾನು ತಾನೇ? ಕುಟುಂಬದ ಕಾರ್ಡಿನಲ್ಲಿ ಯಾರ ಹೆಸರು ಮೊದಲಿದೆ, ಸುಲಿಸ್? ನೀನೇ ಹೇಳು."

ನಾನು ರಸೀದಿ ತೆಗೆದುಕೊಂಡು ಗೋಡೆಯ ಮೊಳೆಗೆ ಚುಚ್ಚಿದೆ. 'ಸರಕು ಕೊಟ್ಟವರು: ವಾರ್ಸೊನೊ', ಅದರ ಕೆಳಗೆ ಅಪ್ಪನ ನಂಬರು.

ಆಮೇಲಿನ ವಾರಗಳಲ್ಲಿ ಅಕ್ಕಿಗೆ, ಬೆಳ್ಳುಳ್ಳಿಗೆ, ಸಿಗಡಿಗೆ ಅಮ್ಮ ಅಪ್ಪನನ್ನು ಕೇಳಬೇಕಾಗಿ ಬಂತು. ಅವನು ಕೊಡುತ್ತಿದ್ದ. ಇಲ್ಲವೆಂದವನಲ್ಲ. ಆದರೆ "ಮೊನ್ನೆ ತಾನೇ ಬೆಳ್ಳುಳ್ಳಿ ತಂದಿದ್ಯಲ್ಲ?" ಎಂದು ಒಂದು ಮಾತು ಕೇಳಿಯೇ ಕೊಡುತ್ತಿದ್ದ. ಮದುವೆಯಾದ ಇಪ್ಪತ್ತನಾಲ್ಕು ವರ್ಷದಲ್ಲಿ ಅಮ್ಮನನ್ನು ಬೆಳ್ಳುಳ್ಳಿಯ ಲೆಕ್ಕ ಯಾರೂ ಕೇಳಿರಲಿಲ್ಲ.

ನಾಲ್ಕನೆಯ ವಾರದ ಶುಕ್ರವಾರ ನಾವು ಹಿತ್ತಿಲಲ್ಲಿ ಸಂಡಿಗೆ ಮಗುಚುತ್ತಿದ್ದೆವು. ಓಣಿಯ ಮಸೀದಿಯ ಮೈಕಿನಲ್ಲಿ ದಾನ ಕೊಟ್ಟವರ ಹೆಸರು ಕೂಗುತ್ತಿದ್ದರು. ಹೆಂಚು ಬದಲಿಸುವ ಕೆಲಸಕ್ಕೆ ದುಡ್ಡು ಕೂಡಿಸುತ್ತಿದ್ದ ಕಾಲ ಅದು. ಹಾಜಿ ಇಂಥವರು, ಬು ಇಂಥವರು, ಸಿಮೆಂಟು ಎರಡು ಚೀಲ. ಆಮೇಲೆ: "ರೆಂಗಿನಾಂಗ್ ಉದ್ಯಮಿ ಪಾಕ್ ವಾರ್ಸೊನೊ ಅವರಿಂದ ಹದಿನೈದು ಲಕ್ಷ ರುಪಿಯಾ! ದೇವರು ಅವರ ಉದ್ಯಮವನ್ನು ಬೆಳೆಸಲಿ!" ನೂರು ಕಿಲೋ ಅಂಟಕ್ಕಿಯ ಬೆಲೆ ಅದು.

ಒಳಗಿನಿಂದ ಅಜ್ಜಿ ಕೂಗಿದಳು. "ಕೇಳಿದ್ಯಾ? ನನ್ನ ಮಗನ ಹೆಸರು! ಅಡ್ಡರಸ್ತೆವರೆಗೂ ಕೇಳಿಸಿರುತ್ತೆ!"

ಅಮ್ಮ ಕೈಯಲ್ಲಿದ್ದದ್ದನ್ನು ಮೊರಕ್ಕೆ ಹಾಕಿ ಒಳಗೆ ನಡೆದಳು. ಅಪ್ಪ ನಮಾಜು ಮುಗಿಸಿ, ಹೊಸ ಸರೋಂಗು ಉಟ್ಟವನು, ಊಟಕ್ಕೆ ಬಂದು ಕೂತ. ಅಮ್ಮ ಅನ್ನ ಬಡಿಸಿದಳು, ಒಣಮೀನು ಬಡಿಸಿದಳು, ಮೆಣಸಿನ ಚಟ್ನಿ ಇಟ್ಟಳು. ಆಮೇಲೆ ಕೇಳಿದಳು.

"ಸುಲಿಸ್ ಅಪ್ಪಾ, ಉದ್ಯಮಿ ಯಾರು?"

"ದೇವರ ಮನೆಗೆ ಕೊಟ್ಟದ್ದಕ್ಕೂ ಜಗಳವಾ?"

"ಕೊಟ್ಟದ್ದಕ್ಕಲ್ಲ. ಕೇಳಿದ್ರೆ ನಾನೇ ಕೊಡ್ತಿದ್ದೆ. ಉದ್ಯಮಿ ಯಾರು ಅಂತ ಕೇಳ್ದೆ."

"ಅದು ಮಸೀದಿ ಪಟ್ಟಿಯಲ್ಲಿ ಪಾಕ್ ಕಸ್ದಿ ಬರೆದದ್ದು. ನಾನು ಹೇಳಿದ್ದಲ್ಲ."

"ನೀವು ತಿದ್ದಿದ್ರಾ?"

ಅಪ್ಪ ಮೀನಿನ ಮುಳ್ಳು ಬಿಡಿಸತೊಡಗಿದ.

"ನಂಬರ್ ನಂದು, ಹೆಸರು ನಂದು. ಡಬ್ಬದ ಮೇಲೂ ಅದೇ ಹೆಸರಿದೆ. ಇದರಲ್ಲಿ ತಿದ್ದೋದೇನಿದೆ?" ಎಂದ ಕೊನೆಗೆ.

"ಸರಿ ಹಾಗಾದ್ರೆ. ಉದ್ಯಮಿಗಳೇ, ನಾಳೆ ಅಕ್ಕಿ ನೆನೆಹಾಕಿ."

ಮರುದಿನ ಅಮ್ಮ ಅಕ್ಕಿ ನೆನೆಹಾಕಲಿಲ್ಲ. ಬೆಳಿಗ್ಗೆ ಅಂಗಳ ಗುಡಿಸಿದಳು, ಎಲ್ಲರಿಗೂ ತಿಂಡಿ ಮಾಡಿದಳು, ಅಜ್ಜಿಯ ಕಾಲಿಗೆ ಎಣ್ಣೆ ಹಚ್ಚಿದಳು, ಆಮೇಲೆ ಜಗುಲಿಯಲ್ಲಿ ಕೂತು ಹರಿದ ಲಂಗ ಹೊಲಿದಳು. ಮಧ್ಯಾಹ್ನ ಮಲಗಿ ನಿದ್ದೆಯನ್ನೂ ಮಾಡಿದಳು. ಅಮ್ಮ ಹಗಲು ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಜ್ವರವೇನೋ ಎಂದು ಹಣೆ ಮುಟ್ಟಲು ಹೋದೆ. ಕಣ್ಣು ಮುಚ್ಚಿಕೊಂಡೇ, "ನಾನು ಚೆನ್ನಾಗೇ ಇದ್ದೀನಿ. ನೀನೂ ಮಲಕ್ಕೋ," ಎಂದಳು.

ಮೂರು ದಿನ ಕಾದು ಅಪ್ಪ ತಾನೇ ಕೈಹಾಕಿದ.

"ಇದೇನು ಬ್ರಹ್ಮವಿದ್ಯೆಯಾ? ಅವ್ವ, ಬಾ. ನಾವಿಬ್ಬರೂ ಮಾಡೋಣ."

ಹತ್ತು ಕಿಲೋ ಅಕ್ಕಿ ನೆನೆಯಿತು, ಬೆಂದಿತು. ಅಜ್ಜಿ ಉಪ್ಪು ಹಾಕಿದಳು. ಅಜ್ಜಿ ಹಾಕಿದ್ದು ಗೊತ್ತಿಲ್ಲದೆ ಅಪ್ಪನೂ ಹಾಕಿದ. ಬಿಸಿಗೆ ಕೈ ಇಟ್ಟವನು "ಅಯ್ಯಪ್ಪಾ!" ಎಂದು ಎಳೆದುಕೊಂಡ.

"ಸ್ವಲ್ಪ ಆರ್ಲಿ," ಎಂದ.

ನಾನು ಬಾಗಿಲಲ್ಲಿ ನಿಂತಿದ್ದೆ. ಆರಬಾರದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಮ್ಮ ಜಗುಲಿಯಿಂದ ನನ್ನನ್ನು ನೋಡಿದಳು. ನುಂಗಿಕೊಂಡೆ.

"ಸೌಟಲ್ಲಿ ಒತ್ತಿದ್ರೆ ಆಗಲ್ವೇನೋ?" ಎಂದಳು ಅಜ್ಜಿ.

"ಸೌಟಿಗೆ ಅಂಟುತ್ತಲ್ಲ ಅವ್ವ!"

"ಮತ್ತೆ ಅವಳ ಕೈಗೆ ಹೆಂಗೆ ಅಂಟಲ್ಲ?"

"ಅವಳನ್ನೇ ಕೇಳು."

"ನೀನು ಕೇಳು. ಹೆಂಡ್ತಿ ನಿಂದು."

ಯಾರೂ ಕೇಳಲಿಲ್ಲ. ಎರಡು ದಿನ ಒಣಗಿದ ಮೇಲೆ ಮೊರ ಎತ್ತಿದರೆ ಸಂಡಿಗೆ ಬಿಡಿಬಿಡಿ ಅಗುಳಾಗಿ ಉದುರಿತು. ಪಕ್ಕದ ಮನೆಯ ಕೋಳಿಗಳಿಗೂ ಸುದ್ದಿ ಮುಟ್ಟಿತು.

ಶನಿವಾರ ಮೇಲಿಂಗ್ ಅಕ್ಕನ ಫೋನು ಬಂತು.

"ಬು ವಾರ್ಸೊನೊ, ಎಲ್ಲಿ ನನ್ನ ಮಾಲು? ಶೆಲ್ಫು ಖಾಲಿ ಹೊಡೀತಿದೆ."

"ಒಂದ್ನಿಮಿಷ ಅಕ್ಕ, ಉದ್ಯಮಿಗೆ ಕೊಡ್ತೀನಿ," ಎಂದು ಅಮ್ಮ ಫೋನನ್ನು ಅಪ್ಪನ ಕೈಗಿಟ್ಟಳು.

ಅಪ್ಪ ಬಿಸಿಲು ಸರಿಯಿಲ್ಲ ಎಂದ. ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಮೇಲಿಂಗ್ ಅಕ್ಕನ ಮಾತು ನಮಗೆಲ್ಲ ಕೇಳಿಸುವಷ್ಟು ಜೋರಾಗಿತ್ತು. "ಇನ್ನೊಂದು ವಾರ ನೋಡ್ತೀನಿ ಪಾಕ್. ಆಮೇಲೆ ಆ ಜಾಗಕ್ಕೆ ಬೇರೆಯವರ ಮಾಲು ಬರುತ್ತೆ. ಬೇಜಾರ್ ಮಾಡ್ಕೋಬೇಡಿ."

ಫೋನು ಇಟ್ಟ ಮೇಲೆ ಅಪ್ಪ, "ಕೇಳಿಸ್ಕೊಂಡ್ಯಾ? ಹಠ ಸಾಕು. ಊಟಕ್ಕೇ ಸಂಚಕಾರ ಬರುತ್ತೆ," ಎಂದ.

"ಬರ್ಲಿ. ಗಂಜಿ ಕುಡಿದು ಗೊತ್ತು ನನಗೆ." ಅಮ್ಮ ನನ್ನ ಕಡೆ ತಿರುಗಿದಳು. "ಸುಲಿಸ್, ಆ ಕಾಗದ ಬರಿ."

ಊಟದ ಚಾಪೆಯ ಮೇಲೇ ಕೂತು ಬರೆದೆ. ನನ್ನ ಅಕ್ಷರ ಚೆನ್ನಾಗಿದೆ ಎಂದು ಶಾಲೆಯಲ್ಲೂ ಹೇಳುತ್ತಿದ್ದರು. 'ಸುತರ್ಮಿ ಎಂಬ ನಾನು, ರೆಂಗಿನಾಂಗ್ ತಯಾರಿಸುವವಳು, ನನ್ನ ತೆರಿಗೆಯ ಹಕ್ಕು ಮತ್ತು ಹೊಣೆಯನ್ನು ಗಂಡನಿಂದ ಬೇರೆಯಾಗಿ ನಡೆಸಲು ಬಯಸುತ್ತೇನೆ.' ಓದಿ ಹೇಳಿದೆ. ಅಪ್ಪ ಎದ್ದು ಹೊರಗೆ ಹೋದ.

ಅವನು ಹೋದದ್ದು ಪಾಕ್ ಕಸ್ದಿಯ ಮನೆಗೆ. ಪಾಕ್ ಕಸ್ದಿ ಓಣಿಯ ಮುಖ್ಯಸ್ಥ. ಜನನ, ಮರಣ, ಮನೆ ಬದಲಾವಣೆ ಏನಿದ್ದರೂ ಅವರ ಮುದ್ರೆ ಬೇಕು. ಸಂಜೆಗೆ ಇಬ್ಬರೂ ಬಂದರು. ಪಾಕ್ ಕಸ್ದಿ ಕನ್ನಡಕ ಹಾಕಿಕೊಂಡು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದರು.

"ಗಂಡನಿಂದ ಬೇರೆಯಾಗಿ... ಏನು ಬು ಇದು? ಈ ವಯಸ್ಸಿಗೆ?"

"ಲೆಕ್ಕ ಬೇರೆ ಪಾಕ್. ಹಾಸಿಗೆ ವಿಚಾರ ಅದರಲ್ಲಿ ಬರೆದಿಲ್ಲ."

ಅಜ್ಜಿ ಎಲೆಯಡಿಕೆಯ ನಡುವೆ ಕೆಮ್ಮಿದಳು. ನಕ್ಕಳೋ ಏನೋ.

"ಇಂಥ ಕಾಗದಕ್ಕೆ ನಾನು ಮುದ್ರೆ ಹಾಕಿದ್ರೆ, ನಾಳೆ ಓಣಿ ಹೆಂಗಸರೆಲ್ಲ ನನ್ನ ಬಾಗಿಲಲ್ಲಿ ಸಾಲಾಗಿ ನಿಲ್ತಾರೆ."

"ನಿಲ್ಲಲಿ. ಎಲ್ಲರಿಗೂ ಟೀ ಕೊಡಿ."

"ಮುದ್ರೆ ಹಾಕಲ್ಲ ನಾನು. ಮೊದ್ಲು ವಾರ್ಸೊನೊ ಒಪ್ಪಲಿ."

"ಮುದ್ರೆ ಬೇಡ ಪಾಕ್," ಎಂದೆ.

ಎಲ್ಲರೂ ನನ್ನತ್ತ ತಿರುಗಿದರು. ಆದರೆ ಮಾತು ಹೊರಟಾಗಿತ್ತು.

"ಕಚೇರಿ ಕಿಟಕಿ ಪಕ್ಕ ಪಟ್ಟಿ ಅಂಟಿಸಿದ್ರು. ಅಮ್ಮನ ಗುರುತಿನ ಚೀಟಿ, ಕುಟುಂಬದ ಕಾರ್ಡು, ಮದುವೆ ಪುಸ್ತಕ, ಅಪ್ಪನ ನಂಬರು, ಈ ಕಾಗದ. ಓಣಿ ಮುದ್ರೆ ಅದರಲ್ಲಿಲ್ಲ. ಅಪ್ಪ ಒಪ್ಪಬೇಕು ಅಂತಾನೂ ಇಲ್ಲ. ಎರಡು ಸಲ ಓದಿದ್ದೀನಿ."

"ಈ ಹುಡುಗಿಗೆ ಬಾಯಿ ಯಾವಾಗ ಬಂತು?" ಪಾಕ್ ಕಸ್ದಿ ಅಪ್ಪನನ್ನು ಕೇಳಿದರು.

"ಮೊದ್ಲಿಂದ ಇತ್ತು," ಎಂದಳು ಅಮ್ಮ. "ಕೆಲಸ ಇತ್ತು ಅಂತ ಮುಚ್ಕೊಂಡಿದ್ಲು."

ಅವರು ಟೀ ಕುಡಿಯದೆ ಹೋದರು. ಅಪ್ಪ ಅಜ್ಜಿಯ ಮುಂದೆ ಕೂತ. ಕುಟುಂಬದ ಕಾರ್ಡು, ಮದುವೆ ಪುಸ್ತಕ ಎಲ್ಲ ಅಜ್ಜಿಯ ತಗಡಿನ ಪೆಟ್ಟಿಗೆಯಲ್ಲಿದ್ದವು. ಬೀಗದ ಕೈ ಅವಳ ಸೊಂಟದಲ್ಲಿ.

"ಅವ್ವ, ಕೀ ಕೊಡ್ಬೇಡ. ನಿನ್ನ ಮಗನ ಮರ್ಯಾದೆ ಪ್ರಶ್ನೆ."

"ನನಗೆ ಬುದ್ಧಿ ಹೇಳ್ತೀಯಾ? ಹೋಗು, ಮಲಕ್ಕೋ ಹೋಗು."

ಸೋಮವಾರ ಬೆಳಿಗ್ಗೆ ಅಪ್ಪ ಬೈಕಿಗೆ ಪೆಟ್ರೋಲು ಹಾಕಿಸಲು ಹೋದಾಗ ಅಜ್ಜಿ ಕೀಯನ್ನು ಅಮ್ಮನ ಮುಂದೆ ಚಾಪೆಯ ಮೇಲೆ ಎಸೆದಳು.

"ನಾನು ಕೊಟ್ಟೆ ಅಂತ ಅವನಿಗೆ ಹೇಳ್ಬೇಡ."

ಅಮ್ಮ ಕೀ ಎತ್ತಿಕೊಳ್ಳಲಿಲ್ಲ. "ಯಾಕೆ ಕೊಡ್ತಿದ್ದೀರಿ ಅತ್ತೆ? ನಿಮ್ಮ ಮಗನ ಹೆಸರು?"

"ಅವನ ಹೆಸರು ಮೈಕಲ್ಲಿ ಕೂಗಿದ್ರಲ್ಲ, ಆಯ್ತು ಬಿಡು, ಸಂತೋಷಪಟ್ಟೆ. ಇನ್ನೊಂದು ಸಲ ಅವನ ಜೊತೆ ಒಲೆ ಮುಂದೆ ಕೂರೋ ಶಕ್ತಿ ನನಗಿಲ್ಲ." ಎಲೆಗೆ ಸುಣ್ಣ ಬಳಿದಳು. "ಹೋದ ವರ್ಷ ಮುದುಕರಿಗೆ ಅಂತ ಸರ್ಕಾರದ ದುಡ್ಡು ಬಂದಿತ್ತು, ನೆನಪಿದೆಯಾ? ಸಾಲಲ್ಲಿ ಕೂತಿದ್ದೆ. ಯಾರೋ ಜೀನೆಮ್, ಜೀನೆಮ್ ಅಂತ ಕೂಗ್ತಾನೇ ಇದ್ರು. ಯಾವಳಪ್ಪ ಇವಳು, ಕಿವುಡಿ, ಎದ್ದು ಹೋಗಬಾರದಾ ಅಂತ ಬೈದೆ. ಕೊನೆಗೆ ನೋಡಿದ್ರೆ ಅದು ನಾನೇ."

ಅಮ್ಮ ನಗಲಿಲ್ಲ. ನಾನೂ ನಗಲಿಲ್ಲ. ಅಜ್ಜಿಯೇ ನಕ್ಕಳು, ಒಬ್ಬಳೇ, ಸ್ವಲ್ಪ ಜಾಸ್ತಿಯೇ ಹೊತ್ತು.

ಅಪ್ಪನ ನಂಬರಿಗೆ ಅವನ ಕಾರ್ಡು ಬೇಕಾಗಲಿಲ್ಲ. ಮೊಳೆಗೆ ಚುಚ್ಚಿದ್ದ ರಸೀದಿಯಿಂದ ಬರೆದುಕೊಂಡೆ.

ಕಿಟಕಿಯ ಹಿಂದೆ ಅದೇ ಹುಡುಗಿ. ಕಾಗದ ಓದಿ, "ಯೋಚನೆ ಮಾಡಿದ್ದೀರಾ ಬು? ವರ್ಷಾವರ್ಷ ಲೆಕ್ಕ ಕೊಡ್ಬೇಕು. ಮರೆತ್ರೆ ದಂಡ," ಎಂದಳು.

"ಕೊಡ್ತೀನಿ. ಇವಳು ಬರೀತಾಳೆ."

"ತೆರಿಗೆ ಇಲ್ಲ, ಲಾಭ ಇಲ್ಲ, ಬರೀ ಕೆಲಸ..."

"ಅಮ್ಮಾ," ಎಂದಳು ನನ್ನ ತಾಯಿ ಆ ಹುಡುಗಿಗೆ, "ಆ ಕೆಲಸವೂ ನನ್ನ ಹೆಸರಲ್ಲೇ ಇರ್ಲಿ."

ಅಮ್ಮನ ಸಹಿ ಶಾಲೆಯ ಮಗುವಿನ ಸಹಿಯ ಹಾಗೆ, ಅಕ್ಷರ ಅಕ್ಷರ ಬಿಡಿಸಿ. ಬರೆಯುವಾಗ ನಾಲಿಗೆ ಹೊರಗೆ ಬಂದಿತ್ತು. ನಂಬರು ಬಂದ ಹಾಳೆಯನ್ನು ಅಲ್ಲಿಂದ ನೇರ ಮೇಲಿಂಗ್ ಅಕ್ಕನ ಅಂಗಡಿಗೆ ಒಯ್ದೆವು.

ಮೇಲಿಂಗ್ ಅಕ್ಕ ಹಾಳೆ ನೋಡಿ ಹುಬ್ಬೇರಿಸಿದಳು. "ಸುತರ್ಮಿ ಯಾರು?"

"ನಾನೇ."

"ಹನ್ನೊಂದು ವರ್ಷದಿಂದ ನಿಮ್ಮ ಮಾಲು ಮಾರ್ತಿದ್ದೀನಿ!" ಎಂದು ಅವಳು ನಕ್ಕು, ಲೆಕ್ಕದವನನ್ನು ಕೂಗಿ ಹೆಸರು ಬದಲಿಸಲು ಹೇಳಿದಳು. "ಡಬ್ಬದ ಮೇಲೆ ಮಾತ್ರ ಹಳೇದೇ ಇರ್ಲಿ ಬು. ಗಿರಾಕಿಗೆ ಅದೇ ಗೊತ್ತಿರೋದು."

"ಅದನ್ನೂ ಬದಲಾಯಿಸ್ತೀನಿ."

"ಮಾರಾಟ ಇಳಿಯುತ್ತೆ."

"ಇಳೀಲಿ. ಆಮೇಲೆ ಹತ್ತುತ್ತೆ."

ಆ ಸಂಜೆ ಅಮ್ಮ ಹದಿನೈದು ಕಿಲೋ ಅಕ್ಕಿ ನೆನೆಹಾಕಿದಳು.

ಮಾರಾಟ ಇಳಿಯಿತು ನಿಜ. ಮೊದಲ ವಾರ ಹೊಸ ಹೆಸರಿನ ಆರು ಡಬ್ಬ ವಾಪಸು ಬಂದವು. ಅಮ್ಮ ಅವನ್ನು ಕರಿದು ನಿಲ್ದಾಣದ ಬಾಗಿಲಲ್ಲಿ ನಿಂತು ರುಚಿ ನೋಡಿ ಎಂದು ಹಂಚಿದಳು, ನನ್ನನ್ನೂ ನಿಲ್ಲಿಸಿದಳು. ಎರಡನೆಯ ವಾರ ಎರಡು ಡಬ್ಬ ಮಾತ್ರ ವಾಪಸು ಬಂದವು.

ಮನೆಯಲ್ಲಿ ಊಟ ಎಂದಿನಂತೆಯೇ ನಡೆಯುತ್ತಿತ್ತು. ಅಪ್ಪನ ಅಂಗಿ ಇಸ್ತ್ರಿಯಾಗುತ್ತಿತ್ತು, ಕಾಫಿಗೆ ಎರಡು ಚಮಚ ಸಕ್ಕರೆ ಬೀಳುತ್ತಿತ್ತು. ಆದರೆ ಓಣಿ ಬೇರೆಯೇ ಕಥೆ ಕಟ್ಟಿತ್ತು. ತರಕಾರಿ ಗಾಡಿಯ ಹೆಂಗಸು ಬದನೆಕಾಯಿ ತೂಗುತ್ತ, "ಬೇರೆ ಆದ್ರಂತೆ, ಹೌದಾ? ಪಾಪ, ಪಾಕ್ ವಾರ್ಸೊನೊಗೆ ಅಡಿಗೆ ಯಾರು ಮಾಡ್ತಾರೆ?" ಎಂದು ಕೇಳಿದಳು.

"ಕಿಲೋಗೆ ಎಷ್ಟಂದ್ರಿ?" ಎಂದಳು ಅಮ್ಮ.

ಮಸೀದಿಯಲ್ಲಿ ಯಾರೋ ಅಪ್ಪನಿಗೆ ಒಂದು ಬುತ್ತಿ ಅನ್ನ ಕೊಟ್ಟು, "ಗಂಡಸರಿಗೆ ಕಷ್ಟ," ಎಂದು ಬೆನ್ನು ತಟ್ಟಿದರಂತೆ. ಅದನ್ನು ಹೇಳಿದವಳು ಅಜ್ಜಿ, ನಗು ತಡೆಯಲಾಗದೆ.

ಮರುದಿನ ಭಾನುವಾರ. ನಾಲ್ವರೂ ಮಧ್ಯಾಹ್ನದ ಊಟಕ್ಕೆ ಕೂತಿದ್ದೆವು. ಬದನೆಕಾಯಿ ಪಲ್ಯ, ಸೋಯಾಕಾಳಿನ ಹುರಿದ ತೆಂಪೆ, ಸಾರು. ಅಪ್ಪ ಎರಡು ತುತ್ತು ತಿಂದು ಕೈ ನಿಲ್ಲಿಸಿದ.

"ಸುಲಿಸ್ ಅಮ್ಮಾ. ನಂಬರ್ ಇಟ್ಕೋ. ಡಬ್ಬದ ಮೇಲೆ ನಿನ್ನ ಹೆಸರೇ ಇರ್ಲಿ. ನಾನೇನೂ ಅನ್ನಲ್ಲ."

ಅಮ್ಮ ಅಜ್ಜಿಯ ತಟ್ಟೆಗೆ ಮೆತ್ತಗಿನ ತುಂಡುಗಳನ್ನು ಆರಿಸಿ ಹಾಕುತ್ತಿದ್ದಳು.

"ಹೊರಗೆ ಜನ ಏನೇನೋ ಅಂತಾರೆ. ನಾನು ಹೇಳಿದ್ರೆ ಯಾರೂ ನಂಬ್ತಿಲ್ಲ." ಅಪ್ಪ ನನ್ನನ್ನು ನೋಡಿದ, ಅಜ್ಜಿಯನ್ನು ನೋಡಿದ, ಮತ್ತೆ ಅಮ್ಮನ ಕಡೆ ತಿರುಗಿದ. "ನಾವು ಬೇರೆ ಆಗಿಲ್ಲ ಅಂತ ನೀನೊಂದು ಮಾತು ಅವರಿಗೆ ಹೇಳು."

ಅಜ್ಜಿ ಅಗಿಯುತ್ತಲೇ ಇದ್ದಳು. "ಈ ಸಲ ಕೇಳಿದ್ರಲ್ಲ, ಹೇಳ್ತೀನಿ," ಎಂದು ಅಮ್ಮ ಸಾರಿನ ಪಾತ್ರೆಯನ್ನು ಓರೆ ಮಾಡಿ, ತಳದಲ್ಲಿ ಉಳಿದದ್ದನ್ನು ತನ್ನ ತಟ್ಟೆಗೆ ಬಗ್ಗಿಸಿಕೊಂಡಳು.